ಬಾವಲಿ ಕೊಂದರೆ ಹಣ್ಣು ಉಳಿಯುತ್ತದಾ?

ಪ್ರಶ್ನೆ: ನಮ್ಮ ಮನೆಯ ಮಾವು ಬಾವಲಿಗಳಿಗೇ ಆಗುತ್ತಿದೆ. ಮಾರಿಷಸ್‌ನಲ್ಲಿ ಸರ್ಕಾರವೇ ಅವನ್ನು ಕೊಲ್ಲಿಸಿತಂತೆ. ನಮ್ಮಲ್ಲೂ ಯಾಕೆ ಆಗಬಾರದು?
– ಓದುಗರು, ಮೂಲ್ಕಿ

ಉತ್ತರ: ಕೊಲ್ಲಿಸಿದ್ದು ಹೌದು. ಲಿಚಿ, ಮಾವು ಬೆಳೆಯುವವರ ಗಲಾಟೆಗೆ 2015, 2016, 2018ರಲ್ಲಿ ಹತ್ತಾರು ಸಾವಿರ ಬಾವಲಿಗಳನ್ನು ಹೊಡೆದರು. ಆಮೇಲೆ? ಬೆಳೆಗಾರರ ಲಾಭ ಏರಲಿಲ್ಲ. 2018ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಆ ಬಾವಲಿಯನ್ನು ಇನ್ನೂ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿತು, ಅಷ್ಟೇ.

ಮಾರಿಷಸ್ ದ್ವೀಪ ಎಷ್ಟು ದೊಡ್ಡದು ಅಂದುಕೊಂಡಿರಿ? ನಮ್ಮ ಉಡುಪಿ ಜಿಲ್ಲೆಯ ಸುಮಾರು ಅರ್ಧ. ಮೂಲ ಕಾಡು ಶೇ. 5 ಕೂಡ ಉಳಿದಿಲ್ಲ. ಕಾಡಿನ ಹಣ್ಣಿಲ್ಲದ ಬಾವಲಿ ತೋಟಕ್ಕೆ ಬಾರದೆ ಎಲ್ಲಿಗೆ ಹೋಗಬೇಕು? ಹೆಣ್ಣು ಬಾವಲಿ ಹೆರುವುದು ವರ್ಷಕ್ಕೆ ಒಂದೇ ಮರಿ. ಸಾಲದ್ದಕ್ಕೆ ಚಂಡಮಾರುತ. ಅಲ್ಲಿದ್ದ ಇನ್ನೊಂದು ಸಣ್ಣ ಜಾತಿಯ ಹಣ್ಣು ಬಾವಲಿ 19ನೇ ಶತಮಾನದಲ್ಲೇ ಅಳಿದುಹೋಯಿತು. ಡೋಡೋ ಕಳೆದುಕೊಂಡ ದೇಶಕ್ಕೆ ಇಷ್ಟೂ ಗೊತ್ತಾಗಬೇಡವೇ ಅಂತ ನನಗೆ ಸಿಟ್ಟೂ ಬರುತ್ತದೆ.

ಅದೇ ದೇಶದ ರೊಡ್ರಿಗಸ್ ದ್ವೀಪ ನೋಡಿ. 1970ರ ದಶಕದಲ್ಲಿ ಅಲ್ಲಿನ ಬಾವಲಿಗಳು ನೂರರ ಆಸುಪಾಸಿಗೆ ಇಳಿದಿದ್ದವು. 1976ರಲ್ಲಿ ಬ್ರಿಟಿಷ್ ಪ್ರಾಣಿಪ್ರೇಮಿ ಲೇಖಕ ಜೆರಾಲ್ಡ್ ಡರೆಲ್ ಕೆಲವನ್ನು ಇಂಗ್ಲಿಷ್ ಕಡಲ್ಗಾಲುವೆಯ ಜೆರ್ಸಿ ದ್ವೀಪದ ತಮ್ಮ ಮೃಗಾಲಯಕ್ಕೆ ಒಯ್ದು ಸಾಕಿ ಮರಿ ಮಾಡಿಸಿದರು. ರೊಡ್ರಿಗಸ್‌ನಲ್ಲಿ ಮರ ನೆಟ್ಟರು, ಜನರನ್ನು ಒಪ್ಪಿಸಿದರು. ಈಗ ಸುಮಾರು 20,000 ಇವೆ.

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಣ್ಣು ಬಾವಲಿಯನ್ನು ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಗೆ ಹಾಕಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಹಾಗಾಗಿ ಕೋವಿಯ ಮಾತು ಬಿಡಿ, ಬಲೆ ಕಟ್ಟಿ. ಬೆರಳು ತೂರದಷ್ಟು ಸಣ್ಣ ಕಣ್ಣಿನದ್ದು, ಬಿಗಿಯಾಗಿ. ಜೋತುಬಿದ್ದ ಬಲೆಯಲ್ಲಿ ಬಾವಲಿ ಸಿಕ್ಕಿ ಸಾಯುತ್ತದೆ. ಮರ ತೀರಾ ಎತ್ತರವಿದ್ದರೆ ಕೈಗೆಟುಕುವ ಗೆಲ್ಲುಗಳಿಗಷ್ಟೇ ಸಾಕು. ಮೇಲಿನದ್ದು ಹೋಗಲಿ ಮಾರಾಯ್ರೆ. ಬ್ರಹ್ಮಾವರದ ನಮ್ಮ ತೋಟದಲ್ಲಿ ಬಾವಲಿ ಸಿಪ್ಪೆ ಚೀಪಿ ಬೀಳಿಸಿದ ಅಡಿಕೆ ಹೆಕ್ಕುವಾಗ ಯಾರೂ ಅದನ್ನು ಬೈಯುವುದಿಲ್ಲ, ಕೊಯ್ಲಿನ ಕೂಲಿ ಉಳಿಯಿತಲ್ವಾ!

ಪ್ರಶ್ನೆ: ಬಾವಲಿ ಕಚ್ಚಿದ ಪೇರಳೆಯ ಆ ಭಾಗ ಕತ್ತರಿಸಿ ಉಳಿದದ್ದು ತಿನ್ನಬಹುದೇ?
– ಓದುಗರು, ಕಾಪು

ಉತ್ತರ: ಬೇಡ. 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ಕಾಣಿಸಿದ ನಿಪಾ ವೈರಸ್ ಹಣ್ಣು ಬಾವಲಿಗಳಲ್ಲಿ ಇರುತ್ತದೆ. ಕಚ್ಚಿದ ಗುರುತಿದ್ದರೆ ಇಡೀ ಹಣ್ಣು ಎಸೆಯಿರಿ. ಉಳಿದವನ್ನು ತೊಳೆದು, ಸಿಪ್ಪೆ ತೆಗೆದು ತಿನ್ನಿ.