ಓದುಗರ ಪ್ರಶ್ನೆ: ರೈಫಲ್‌ನ ಫ್ರಂಟ್ ಸೈಟ್ ಮತ್ತು ಜಗ್ಗದ ಪಿನ್

ಪ್ರಶ್ನೆ: ಅಜ್ಜನ ಕಾಲದ ಪಾಯಿಂಟ್ 22 ಬೋಲ್ಟ್ ರೈಫಲ್ ಒಂದು ಪರವಾನಗಿ ಸಮೇತ ನನ್ನ ಹೆಸರಿಗೆ ಬಂದಿದೆ. ಅದರ ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಫ್ರಂಟ್ ಸೈಟ್‌ನ ಅಲಗು ಬಾಗಿ, ತುದಿ ಮುರಿದಿದೆ. ನಳಿಗೆಯ ಮೇಲಿನ ಪೀಠದ ಸೀಳಿನಲ್ಲಿ ಕೂತಿರುವ ಈ ಅಲಗನ್ನು ಅಡ್ಡಲಾಗಿ ಹಾಯ್ದಿರುವ ಸಣ್ಣ ಪಿನ್ ಹಿಡಿದಿಟ್ಟಿದೆ. ಮೊಳೆಯಿಟ್ಟು ಸುತ್ತಿಗೆಯಿಂದ ಬಡಿದಾಗ ಪಿನ್ ಜರುಗಲಿಲ್ಲ. ಅದರ ತಲೆ ಮಾತ್ರ ಅಗಲವಾಯಿತು. ತರಿಸಿಕೊಂಡ ಹೊಸ ಅಲಗಿನಲ್ಲಿ ತೂತೇ ಇಲ್ಲ. ಮುಂದೇನು ಮಾಡಬೇಕು? ಮೊಳೆಯ ತುಂಡನ್ನೇ ಪಿನ್ ಆಗಿ ಬಳಸಬಹುದೇ? ಟ್ರಿಗರ್‌ನ ಪಿನ್ ಕೂಡ ಸಡಿಲವಾದಂತಿದೆ. ಅದನ್ನೂ ಹೀಗೆಯೇ ಬದಲಿಸಬಹುದೇ?

ಉತ್ತರ: ಸುತ್ತಿಗೆಯನ್ನು ಸದ್ಯಕ್ಕೆ ಕೆಳಗಿಡಿ. ಮ್ಯಾಗಜಿನ್ ತೆಗೆದು, ಬೋಲ್ಟನ್ನು (ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಸರಳು) ಪೂರ್ತಿ ಹೊರಗೆಳೆದು, ತೋಟಾ ಕೂರುವ ಜಾಗವನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಪರೀಕ್ಷಿಸಿ, ಹಿಂದಿನಿಂದ ನಳಿಗೆಯೊಳಗೆ ನೋಡಿ ಆಚೆಯ ಬೆಳಕು ಕಂಡ ಮೇಲೆಯೇ ಕೆಲಸಕ್ಕೆ ಕೂರಬೇಕು. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಮನೆಯಲ್ಲಿ ಇಂಥ ದುರಸ್ತಿ ಮಾಡಿಕೊಳ್ಳಲು ನಿಮ್ಮ ಪರವಾನಗಿಯಲ್ಲಿ ಅವಕಾಶವಿದೆಯೇ ಎಂಬುದನ್ನೂ ಒಮ್ಮೆ ಓದಿ ಖಚಿತಪಡಿಸಿಕೊಳ್ಳಿ.

ಈಗ ಪಿನ್ನಿನ ವಿಷಯ. ಜಗ್ಗದ ಪಿನ್‌ಗಳಲ್ಲಿ ಹೆಚ್ಚಿನವು ತುಕ್ಕಿನಿಂದ ಹಿಡಿದುಕೊಂಡಿರುತ್ತವೆ ಅಥವಾ ತಪ್ಪು ಕಡೆಯಿಂದ ಪೆಟ್ಟು ತಿಂದಿರುತ್ತವೆ. ಆದ್ದರಿಂದ ಅದು ಯಾವ ಜಾತಿಯ ಪಿನ್ ಎಂದು ತಿಳಿಯುವುದೇ ಅರ್ಧ ಕೆಲಸ. ನಡುವೆ ಪೊಳ್ಳಾಗಿ ಉದ್ದಕ್ಕೆ ಸೀಳಿದ್ದರೆ ಅದು ಸ್ಪ್ರಿಂಗ್ ಪಿನ್. ಗಟ್ಟಿ ಪಿನ್ನಿನ ಒಂದು ತುದಿಯ ಅಂಚಿನಲ್ಲಿ ಸಣ್ಣ ಗೀರುಗಳಿದ್ದರೆ, ಗೀರುಗಳಿರುವ ತುದಿಯೇ ಮೊದಲು ಹೊರಬರುವಂತೆ ನುಣುಪಾದ ತುದಿಯಿಂದ ಬಡಿಯಬೇಕು. ಎರಡು ತುದಿಗಳ ದಪ್ಪ ಬೇರೆಬೇರೆಯಾಗಿದ್ದರೆ ಅದು ಟೇಪರ್ ಪಿನ್. ಮೆಟ್ರಿಕ್ ಟೇಪರ್ ಪಿನ್‌ಗಳ ಓರೆ 50ಕ್ಕೆ 1, ಅಂದರೆ 10 ಮಿಲಿಮೀಟರ್ ಉದ್ದಕ್ಕೆ ವ್ಯತ್ಯಾಸ ಬರೀ 0.2 ಮಿಲಿಮೀಟರ್. ಬರಿಗಣ್ಣಿಗೆ ಅದು ಕಾಣದು, ಕ್ಯಾಲಿಪರ್ ಬೇಕು. ನೀವು ಬಡಿದ ತುದಿ ಈಗ ಅಗಲವಾಗಿರುವುದರಿಂದ ಅದರ ಅಳತೆಯನ್ನು ನಂಬುವಂತಿಲ್ಲ. ಸುತ್ತಲಿನ ಪೀಠಕ್ಕೆ ಟೇಪ್ ಅಂಟಿಸಿ, ಸಣ್ಣ ಅರದಿಂದ ಆ ತಲೆಯನ್ನು ಪೀಠದ ಮಟ್ಟಕ್ಕೆ ತಂದು ಆಮೇಲೆ ಅಳೆಯಿರಿ. ದಪ್ಪ ತುದಿಗೆ ಬಡಿದಿದ್ದರೆ ಪ್ರತಿ ಪೆಟ್ಟಿಗೂ ಪಿನ್ ಇನ್ನಷ್ಟು ಬಿಗಿಯಾಗಿದೆ ಎಂದೇ ಅರ್ಥ. ಟೇಪರ್ ಪಿನ್ನನ್ನು ಸಣ್ಣ ತುದಿಯಿಂದಲೇ ಹೊರದಬ್ಬಬೇಕು.

ಪಿನ್ನಿನ ಎರಡೂ ಬದಿಗೆ ತುಕ್ಕು ಬಿಡಿಸುವ ಎಣ್ಣೆಯ ಹನಿ ಹಾಕಿ ಒಂದು ರಾತ್ರಿ ಬಿಡಿ. ಬೆಂಕಿಯ ಜ್ವಾಲೆ ತೋರಿಸಬೇಡಿ. ಹಳೆಯ ರೈಫಲ್‌ಗಳಲ್ಲಿ ಪೀಠವನ್ನು ನಳಿಗೆಗೆ ಸೀಸ–ತವರದ ಬೆಸುಗೆಯಿಂದ ಕೂರಿಸಿರುವುದುಂಟು, ಆ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುತ್ತದೆ. ಮರುದಿನ ಪೀಠವನ್ನು ಗಟ್ಟಿ ಮರದ ದಿಮ್ಮಿಯ ಮೇಲೆ ಕೂರಿಸಿ, ಪಿನ್ ಹೊರಬೀಳಬೇಕಾದ ಜಾಗದಲ್ಲಿ ದಿಮ್ಮಿಗೆ ಒಂದು ತೂತು ಕೊರೆದಿರಬೇಕು. ನಳಿಗೆಯನ್ನು ಮಡಿಸಿದ ಬಟ್ಟೆಯ ಮೇಲಿಟ್ಟು ಬಡಿದರೆ ಪೆಟ್ಟಿನ ಬಲವೆಲ್ಲ ಬಟ್ಟೆಗೆ ಹೋಗುತ್ತದೆ, ಪಿನ್ನಿಗೆ ಏನೂ ದಕ್ಕುವುದಿಲ್ಲ. ಮೊದಲ ಪೆಟ್ಟುಗಳಿಗೆ ಗಿಡ್ಡ, ದಪ್ಪ ಪಂಚ್ (ಪಿನ್ನನ್ನು ಹೊರದಬ್ಬುವ ಉಕ್ಕಿನ ಕಡ್ಡಿ). ಪಿನ್ ಜರುಗಿದ ಮೇಲೆ ಉದ್ದನೆಯ ನೇರ ಪಂಚ್. 2 ಮಿಲಿಮೀಟರ್ ಪಿನ್ನಿಗೆ 1.8 ಮಿಲಿಮೀಟರ್ ಪಂಚ್ ಸರಿಹೋಗುತ್ತದೆ. ಅಳುಕುತ್ತ ಕೊಡುವ ಇಪ್ಪತ್ತು ಪೆಟ್ಟುಗಳು ಪಿನ್ನಿನ ತಲೆಯನ್ನು ಮತ್ತೆ ಅಗಲ ಮಾಡುತ್ತವೆ. ಪಂಚನ್ನು ನೇರವಾಗಿ ಹಿಡಿದು ಕೊಡುವ ಒಂದು ದೃಢವಾದ ಪೆಟ್ಟು ಅದನ್ನು ಕದಲಿಸುತ್ತದೆ. ಪಿನ್ ಬಿಟ್ಟುಕೊಟ್ಟ ಕ್ಷಣ ಟಣ್ ಎನ್ನುತ್ತಿದ್ದ ಸದ್ದು ಮಂದವಾಗುವುದನ್ನು ಕಿವಿ ತಾನೇ ಗುರುತಿಸುತ್ತದೆ. ಕೆಲಸ ನಡೆಯುತ್ತಿರುವುದು ನಳಿಗೆಯ ಬಾಯಿಯ ಪಕ್ಕದಲ್ಲೇ ಎಂಬುದನ್ನು ಮರೆಯಬೇಡಿ. ಬಾಯಿಯ ಅಂಚಿಗೆ ಬಿದ್ದ ಒಂದು ಸಣ್ಣ ಕಚ್ಚು ಗುರಿಯ ನಿಖರತೆಯನ್ನೇ ಕೆಡಿಸುತ್ತದೆ.

ಹೊಸ ಅಲಗಿನಲ್ಲಿ ತೂತಿಲ್ಲದಿರುವುದು ದೋಷವಲ್ಲ. ಪೀಠದ ತೂತು ರೈಫಲ್‌ನಿಂದ ರೈಫಲ್‌ಗೆ ಕೂದಲೆಳೆಯಷ್ಟು ಬದಲಾಗುವುದರಿಂದ ಅದನ್ನು ಜಾಗದಲ್ಲಿಟ್ಟೇ ಗುರುತು ಮಾಡಬೇಕು. ಮೊದಲು ನಳಿಗೆಯ ಬಾಯಿಗೆ ಬಟ್ಟೆಯ ಬಿರಡೆ ಹಾಕಿ, ಅದಕ್ಕೊಂದು ಕೆಂಪು ದಾರ ಕಟ್ಟಿ ಹೊರಗೆ ಇಳಿಬಿಡಿ. ಲೋಹದ ಪುಡಿ ಒಳಗೆ ಹೋಗಬಾರದು, ಬಿರಡೆಯೂ ಒಳಗೇ ಮರೆತುಹೋಗಬಾರದು, ಏಕೆಂದರೆ ಮುಚ್ಚಿದ ನಳಿಗೆಯಲ್ಲಿ ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಅಲಗನ್ನು ಸೀಳಿನ ತಳ ಮುಟ್ಟುವಂತೆ ಒತ್ತಿ ಕ್ಲ್ಯಾಂಪ್ ಹಾಕಿ, ಪೀಠದ ತೂತಿನ ಮೂಲಕವೇ ಅದೇ ಅಳತೆಯ ಬೈರಿಗೆಯಿಂದ ಚುಕ್ಕೆ ಮೂಡಿಸಿ, ಬಳಿಕ ಅಲಗನ್ನು ಹೊರತೆಗೆದು ವೈಸ್‌ನಲ್ಲಿ ಹಿಡಿದು ಕೊರೆಯಿರಿ. ತೂತುಗಳು ಚೂರು ಹೊಂದದಿದ್ದರೆ ಅಲಗನ್ನು ಜಾಗದಲ್ಲಿಟ್ಟು ಒಟ್ಟಿಗೇ ರೀಮರ್ (ತೂತನ್ನು ತುಸು ಹಿಗ್ಗಿಸಿ ನುಣುಪು ಮಾಡುವ ಉಪಕರಣ) ಹಾಯಿಸಿ, ಅದಕ್ಕೆ ತಕ್ಕಂತೆ ತುಸು ದಪ್ಪದ ಪಿನ್ ಹಾಕಿ. ಹಳೆಯದು ಟೇಪರ್ ಪಿನ್ ಆಗಿದ್ದರೆ ಟೇಪರ್ ರೀಮರ್ ಬೇಕು.

ಮೊಳೆ ಬೇಡ. ಅದು ಮೆದು ಕಬ್ಬಿಣ, ಅದರ ಸುತ್ತಳತೆಯೂ ಉದ್ದಕ್ಕೂ ಒಂದೇ ಸಮವಿರುವುದಿಲ್ಲ. ನೇರ ಪಿನ್ನಿಗೆ ಅಳತೆ ನಿಖರವಾಗಿರುವ ಉಕ್ಕಿನ ಸರಳು, ಅಂದರೆ ಡ್ರಿಲ್ ರಾಡ್ ಸೂಕ್ತ. ಒಂದು ತುದಿಯ ಅಂಚನ್ನು ತುಸು ಓರೆ ಮಾಡಿ ಹೆಬ್ಬೆರಳಿನಿಂದ ಒತ್ತಿದಾಗ ಪಿನ್ ಅರ್ಧದವರೆಗೆ ಹೋಗಿ ನಿಂತು, ಉಳಿದರ್ಧಕ್ಕೆ ಹಿತ್ತಾಳೆಯ ಸುತ್ತಿಗೆ ಬೇಕಾದರೆ ಅದು ಸರಿಯಾದ ಬಿಗಿ. ತಾನಾಗಿಯೇ ಜಾರಿ ಬೀಳುವ ಪಿನ್ನನ್ನು ಅಂಟು ಹಾಕಿ ನಿಲ್ಲಿಸಬೇಡಿ. ಹಳೆಯದು ಸ್ಪ್ರಿಂಗ್ ಪಿನ್ ಆಗಿದ್ದರೆ ಹೊಸದನ್ನೇ ಹಾಕಿ. ಒಮ್ಮೆ ಹೊರಬಂದದ್ದರ ಹಿಡಿತ ಮೊದಲಿನಂತಿರುವುದಿಲ್ಲ.

ಹೊಸ ಅಲಗು ಬೇಕಾದುದಕ್ಕಿಂತ ಎತ್ತರವಾಗಿಯೇ ಇರಲಿ. ಎತ್ತರದ ಅಲಗು ಗುಂಡನ್ನು ಕೆಳಗೆ ಬೀಳಿಸುತ್ತದೆ, ಅರದಿಂದ ತಗ್ಗಿಸಿದಂತೆ ಗುಂಡು ಮೇಲೇರುತ್ತದೆ. ಎಷ್ಟು ತಗ್ಗಿಸಬೇಕೆಂಬುದಕ್ಕೆ ಸುಲಭದ ಲೆಕ್ಕವಿದೆ: ಗುಂಡು ಎಷ್ಟು ಕೆಳಗೆ ಬಿದ್ದಿದೆಯೋ ಅದನ್ನು ಮುಂದಿನ, ಹಿಂದಿನ ಎರಡು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. 50 ಮೀಟರ್‌ನಲ್ಲಿ 6 ಸೆಂಟಿಮೀಟರ್ ಕೆಳಗೆ ಬಿದ್ದು, ಸೈಟ್‌ಗಳ ಅಂತರ 60 ಸೆಂಟಿಮೀಟರ್ ಇದ್ದರೆ 0.72 ಮಿಲಿಮೀಟರ್. ಅಷ್ಟನ್ನೂ ಒಂದೇ ಸಲ ಉಜ್ಜದೆ ಮೊದಲು ಅರ್ಧ ಉಜ್ಜಿ, ಮತ್ತೆ ಐದು ಗುಂಡು ಹಾರಿಸಿ ನೋಡಿ. ಉಜ್ಜಿ ಕಳೆದ ಲೋಹ ಮರಳಿ ಬರುವುದಿಲ್ಲ.

ಟ್ರಿಗರ್‌ನ ಪಿನ್ನಿಗೆ ನನ್ನ ಉತ್ತರ ಬೇಡ ಎಂಬುದೇ. ಫ್ರಂಟ್ ಸೈಟ್ ಓರೆಯಾದರೆ ಗುರಿ ತಪ್ಪುತ್ತದೆ, ಅಷ್ಟೇ. ಟ್ರಿಗರ್ ಮತ್ತು ಸಿಯರ್ (ಟ್ರಿಗರ್ ಎಳೆಯುವವರೆಗೂ ಗುಂಡು ಹಾರದಂತೆ ತಡೆಹಿಡಿಯುವ ಕೊಂಡಿ) ಒಂದನ್ನೊಂದು ಹಿಡಿದುಕೊಳ್ಳುವುದು ಬಹಳ ಕಿರಿದಾದ ಅಂಚಿನ ಮೇಲೆ; ಅಲ್ಲಿ ಪಿನ್ನಾಗಲಿ ತೂತಾಗಲಿ ಸ್ವಲ್ಪ ಸವೆದರೂ ಬೋಲ್ಟ್ ಮುಚ್ಚುವಾಗ, ಇಲ್ಲವೇ ಹಿಡಿ ನೆಲಕ್ಕೆ ತಾಗಿದಾಗ ರೈಫಲ್ ತಾನಾಗಿ ಹಾರಬಹುದು. ಅಲ್ಲಿ ಸಡಿಲ ಕಂಡಿದ್ದರೆ ತೋಟಾ ತುಂಬುವುದನ್ನು ಇಂದೇ ನಿಲ್ಲಿಸಿ, ಸೈಟ್ ಪರೀಕ್ಷೆಯನ್ನೂ ಮುಂದೂಡಿ, ರೈಫಲನ್ನು ಬಿಚ್ಚದೆ ಹಾಗೆಯೇ ಪರವಾನಗಿ ಇರುವ ಬಂದೂಕು ದುರಸ್ತಿಗಾರರ ಬಳಿ ಒಯ್ಯಿರಿ.