ನಿಮ್ಮ ಟಿ ಕೋಶದ ಲೇಖನ ಯಾಕೆ ವಾಪಸ್ ಬಂತು

ಚಿಂತಾಮಣಿಯ ಗೆಳೆಯರೇ, ನಮಸ್ಕಾರ.

ಕೋಲಾರದ ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಟಿ ಕೋಶ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ, ಎಚ್ಚರಗೊಳ್ಳುವಾಗ ಅದರೊಳಗಿನ ಕಿರುಚೀಲಗಳು, ಅಂದರೆ ವೆಸಿಕಲ್‌ಗಳು, ಏನೇನು ಹೊತ್ತು ಎಲ್ಲಿಗೆ ಓಡುತ್ತವೆ ಅನ್ನುವುದು ವಿಷಯ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡುವಂಥದ್ದೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ರಕ್ತ ಅಂದರೇನು, ಬಿಳಿ ರಕ್ತಕಣ ಎಷ್ಟು ಬಗೆ ಅನ್ನುವುದೆಲ್ಲ ಶಾಲೆ ಪುಸ್ತಕದಲ್ಲೇ ಇದೆ. ಅರಿಶಿನ, ಬೆಳ್ಳುಳ್ಳಿಯ ಪ್ಯಾರಾ ಯಾಕೆ ಬಂತೋ ನನಗಂತೂ ಗೊತ್ತಾಗಲಿಲ್ಲ. ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ: 'ಟಿ ಕೋಶಕ್ಕೆ ಬೇಕಾದ ಸಾಮಾನೆಲ್ಲ ಅದರ ಮೈಮೇಲೆ ಇರುವುದಿಲ್ಲ, ಅರ್ಧ ಒಳಗಿರುತ್ತದೆ.' 'ಅರ್ಧ' ಅನ್ನುವ ಲೆಕ್ಕ ಬೇಡ, 'ಒಂದಷ್ಟು' ಅಂದರೆ ಸಾಕು. ಆದರೆ ಲೇಖನದ ಜೀವ ಅದೇ ಮಾತು. ಅಲ್ಲಿಂದಲೇ ಹೊರಡಿ.

ಆಮೇಲೆ ಓದುವವರಿಗೆ ಬೇಕಾಗುವುದು ಕ್ರಮ. ಯಾವುದು ಮೊದಲು, ಯಾವುದು ನಂತರ? ನೀವು ಎಲ್‌ಸಿಕೆ, ಲ್ಯಾಟ್, ಝೀಟಾ ಅನ್ನುವ ಸಂಕೇತ ದಾಟಿಸುವ ಪ್ರೋಟೀನುಗಳು, ರ‍್ಯಾಬ್ 11, ವ್ಯಾಂಪ್ 7 ಅನ್ನುವ ಚೀಲ ಸಾಗಿಸಿ ಬೆಸೆಯುವ ಪ್ರೋಟೀನುಗಳು, ಎಲ್ಲವನ್ನೂ ಒಂದೇ ಪ್ಯಾರಾದಲ್ಲಿ ಸುರಿದಿದ್ದೀರಿ. ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ನಡೆಯುವುದು ಹೀಗೆ ಅಲ್ವಾ? ಕಾವಲುಗಾರನಂಥ ಡೆಂಡ್ರಿಟಿಕ್ ಕೋಶ ರೋಗಾಣುವಿನ ಪ್ರೋಟೀನಿನ ತುಣುಕೊಂದನ್ನು ತೋರಿಸುತ್ತದೆ. ಟಿ ಕೋಶದ ಮೈಮೇಲಿನ ಗ್ರಾಹಕ ಪ್ರೋಟೀನು ಅದನ್ನು ಗುರುತಿಸುತ್ತದೆ. ಎರಡೂ ಕೋಶ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆ ಜಾಗವೇ ಸಿನಾಪ್ಸ್. ಕೆಲವೇ ನಿಮಿಷದಲ್ಲಿ ಟಿ ಕೋಶದ ಸೆಂಟ್ರೋಸೋಮ್, ಅಂದರೆ ಕೋಶದೊಳಗಿನ ಎಳೆಗಳು ಹೊರಡುವ ಕೇಂದ್ರ, ಆ ಕಡೆಗೆ ಸರಿಯುತ್ತದೆ. ಅದರಿಂದ ಹೊರಟ ಮೈಕ್ರೋಟ್ಯೂಬ್ಯೂಲ್ ಅನ್ನುವ ಎಳೆಗಳನ್ನು ಹಳಿಯಂತೆ ಹಿಡಿದು ಚೀಲಗಳು ಸಿನಾಪ್ಸ್ ಹತ್ತಿರ ಸೇರುತ್ತವೆ. ಮೊದಲು ಕೋಶದ ಹೊರಪೊರೆಗೆ ಬೆಸೆಯುವುದು ಎಲ್‌ಸಿಕೆ ಇರುವ ಚೀಲ. ಎಲ್‌ಸಿಕೆ ಕೆಲಸ ಶುರು ಮಾಡಿದ ಮೇಲೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಆ ಏರಿಕೆಯನ್ನು ಸಿನಾಪ್ಟೋಟ್ಯಾಗ್ಮಿನ್ 7 ಅನ್ನುವ ಪ್ರೋಟೀನು ಗುರುತಿಸಿದಾಗ ಝೀಟಾ ಮತ್ತು ಲ್ಯಾಟ್ ಹೊತ್ತ ಚೀಲಗಳು ಬೆಸೆಯುತ್ತವೆ. ಮೊದಲನೆಯದು ಬೆಸೆಯದೆ ಮುಂದಿನವು ಬೆಸೆಯುವುದಿಲ್ಲ. 2013ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ತಂಡ ತೋರಿಸಿದ್ದು ಇದನ್ನೇ. ಇದಕ್ಕಿಂತ ಒಳ್ಳೆ ಕಥೆ ಬೇಕಾ? ನೀವು ಇದನ್ನು ಎರಡು ಸಾಲಿನಲ್ಲಿ ಮುಗಿಸಿ, ಅದೇ ವರ್ಷ ರೋಥ್‌ಮನ್, ಶೆಕ್ಮನ್, ಸುಡೋಫ್ ಅವರಿಗೆ ವೆಸಿಕಲ್ ಸಂಶೋಧನೆಗೆ ನೊಬೆಲ್ ಬಂದದ್ದಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ. ಉಲ್ಟಾ ಮಾಡಿ.

ಒಂದು ಎಚ್ಚರಿಕೆ. 'ಲ್ಯಾಟ್ ಚೀಲದಿಂದಲೇ ಬರಬೇಕು' ಅಂತ ಖಡಾಖಂಡಿತ ಬರೆದಿದ್ದೀರಿ. ಪೊರೆಯಲ್ಲಿ ಮೊದಲೇ ಇರುವ ಲ್ಯಾಟ್ ಮುಖ್ಯವೋ, ಚೀಲದಲ್ಲಿರುವುದು ಮುಖ್ಯವೋ ಅಂತ ಬೇರೆ ಬೇರೆ ಪ್ರಯೋಗಾಲಯಗಳಿಂದ ಬೇರೆ ಬೇರೆ ಉತ್ತರ ಬಂದಿದೆ. ಜಗಳ ಇದೆ ಅಂತಲೇ ಬರೆಯಿರಿ. ಓದುವವರು ಬೇಜಾರು ಮಾಡಿಕೊಳ್ಳುವುದಿಲ್ಲ, ಇನ್ನೂ ಕಿವಿ ನಿಮಿರಿಸುತ್ತಾರೆ.

ನಮ್ಮ ಟೊಮೆಟೊ ಮಂಡಿಯ ಹೋಲಿಕೆ ಚೆನ್ನಾಗಿದೆ. ಹದಿನೈದು ಕೆಜಿ ಬಾಕ್ಸು, ಲೋಡಿಂಗು, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆದರೆ ಮಂಡಿಯಿಂದ ಲಾರಿ ಹತ್ತಿದ ಹಣ್ಣು ತೋಟಕ್ಕೆ ವಾಪಸ್ ಬರುವುದಿಲ್ಲ, ಖಾಲಿ ಬಾಕ್ಸು ಮಾತ್ರ ಬರುತ್ತದೆ. ಟಿ ಕೋಶದಲ್ಲಿ ಸರಕೂ ವಾಪಸ್ ಬರುತ್ತದೆ. ಕೋಶ ಸುಮ್ನೆ ಇರುವಾಗಲೂ ಗ್ರಾಹಕಗಳು ಒಳಗೆ ಹೋಗುತ್ತಾ ಮತ್ತೆ ಹೊರಗೆ ಬರುತ್ತಾ ಇರುತ್ತವೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಅಂತ ನೀವೇ ಹೇಳಿಬಿಟ್ಟರೆ ಅದನ್ನು ಉಳಿಸಿಕೊಳ್ಳಬಹುದು.

ಇನ್ನು ಬೆಳ್ಳಿಕೂದಲಿನ ಮಕ್ಕಳ ಭಾಗ. 1978ರಲ್ಲಿ ಗ್ರಿಸೆಲ್ಲಿ ಮತ್ತು ಸಂಗಡಿಗರು ವಿವರಿಸಿದ ಕಾಯಿಲೆ ಅದು. ಓದುತ್ತಾ ನನಗೆ ಕಾಫಿ ಆರಿದ್ದೂ ಗೊತ್ತಾಗಲಿಲ್ಲ. ರ‍್ಯಾಬ್ 27ಎ ಜೀನ್ ಕೆಟ್ಟರೆ ಕೂದಲಿಗೆ ಬಣ್ಣದ ಚೀಲ ಸರಿಯಾಗಿ ತಲುಪುವುದಿಲ್ಲ. ಸೋಂಕಿತ ಕೋಶವನ್ನು ತೂತು ಮಾಡಿ ಕೊಲ್ಲುವ ಪರ್ಫೊರಿನ್ ಪ್ರೋಟೀನು ಹೊತ್ತ ಟಿ ಕೋಶದ ಚೀಲವೂ ಪೊರೆಗೆ ಅಂಟುವುದಿಲ್ಲ. ಆದರೆ ನೀವು ಇದನ್ನು 'ಟಿ ಕೋಶ ಏಳುವುದೇ ಇಲ್ಲ' ಅಂತ ಬರೆದಿದ್ದೀರಿ. ತಪ್ಪು. ಕೋಶ ಏಳುತ್ತದೆ, ಕೊಲ್ಲಲು ಆಗುವುದಿಲ್ಲ. ಶತ್ರು ಸಾಯದ ಕಾರಣ ಎಚ್ಚರವೇ ಜಾಸ್ತಿಯಾಗಿ ದೇಹವನ್ನೇ ಸುಡುತ್ತದೆ. ಮಜ್ಜೆಯ ಕಸಿ ಮಾಡಿದರೆ ನಿರೋಧಕ ಕೋಶಗಳು ಸರಿಹೋಗುತ್ತವೆ, ಕೂದಲು ಮಾತ್ರ ಹಾಗೇ ಉಳಿಯುತ್ತದೆ. ಈ ಸಂಗತಿ ನೀವು ಬಿಟ್ಟಿದ್ದೀರಿ, ಸೇರಿಸಿ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ ಬರುತ್ತದೆ ಅಂತಲೂ ಹೇಳಿ. ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವುದು ಇನ್ನೂ ಇದೆ, ಹತ್ತಿರದ ಸಂಬಂಧದಲ್ಲಿ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಜಾಸ್ತಿ. ಹೆದರಿಸಬೇಡಿ, ಬಹಳ ಅಪರೂಪದ ಕಾಯಿಲೆ ಅನ್ನುವುದೂ ಅಲ್ಲೇ ಇರಲಿ.

ಸಿಟಿಎಲ್‌ಎ 4 ಭಾಗ ಈ ಸಲ ಬೇಡ. ಎಚ್ಚರವನ್ನು ತಗ್ಗಿಸುವ ಆ ಪ್ರೋಟೀನು ಬಹುಪಾಲು ಚೀಲಗಳಲ್ಲೇ ಕೂತಿರುತ್ತದೆ ಅನ್ನುವುದು ಇನ್ನೊಂದು ಪೂರ್ತಿ ಲೇಖನ. ಅದನ್ನು ಬೇರೆಯಾಗಿ ಬರೆದರೆ ಖಂಡಿತ ನೋಡುತ್ತೇನೆ.

ಇಂಟರ್ನೆಟ್ಟಿನಿಂದ ತೆಗೆದ ಚಿತ್ರ ಹಾಕಲು ಬರುವುದಿಲ್ಲ. ನೀವೇ ಪೆನ್ಸಿಲ್‌ನಲ್ಲಿ ಬರೆಯಿರಿ: ಎರಡು ಕೋಶ, ಸೆಂಟ್ರೋಸೋಮ್, ಮೂರು ಚೀಲ. ಅಷ್ಟು ಸಾಕು, ನಮ್ಮ ಕಲಾವಿದರು ತಿದ್ದುತ್ತಾರೆ. ಒಂಬೈನೂರು ಪದ ದಾಟದಿರಲಿ. ಯೂನಿಕೋಡ್‌ನಲ್ಲೇ ಕಳಿಸಿ, ಹಳೇ ಫಾಂಟಿನಿಂದಾಗಿ ಈ ಸಲ ಒತ್ತಕ್ಷರಗಳೆಲ್ಲ ಹಾರಿಹೋಗಿದ್ದವು.