ಮುಳಬಾಗಿಲಿನಲ್ಲಿ ಇಷ್ಟೊಂದು ಎಪಿ, ಟಿಎನ್ ಗಾಡಿಗಳು ಏಕೆ?

ಹಾಸನ, ದಾವಣಗೆರೆ ಕಡೆಯಿಂದ ಕೆಲಸಕ್ಕೆಂದು ನರಸಾಪುರ, ವೇಮಗಲ್‌ಗೆ ಬಂದವರು ಒಂದೆರಡು ತಿಂಗಳಲ್ಲಿ ಕೇಳುವ ಪ್ರಶ್ನೆಯನ್ನೇ ಹಾಸನದ ನೀವೂ ಕೇಳಿದ್ದೀರಿ. ಕೋಲಾರ ಜಿಲ್ಲೆಯ ರಸ್ತೆಗಳಲ್ಲಿ ಆಂಧ್ರ ಮತ್ತು ತಮಿಳುನಾಡಿನ ನಂಬರಿನ ಗಾಡಿಗಳು ಇಷ್ಟೊಂದು ಓಡಾಡುತ್ತವೆ, ಇವರೆಲ್ಲ ತೆರಿಗೆ ಉಳಿಸಲು ಅಲ್ಲಿ ಹೋಗಿ ಕೊಂಡವರೇ, ನಾನೂ ತಮಿಳುನಾಡಿನ ಹೊಸೂರಿಗೆ ಹೋಗಿ ಕೊಳ್ಳಬಹುದೇ ಎಂದು. ಹೊಸೂರಿನ ವಿಚಾರ ಬಿಟ್ಟುಬಿಡಿ ಎಂದು ಮೊದಲೇ ಹೇಳುತ್ತೇನೆ. ಆದರೆ ಕಾರಣ ತಿಳಿಯದೆ ಬಿಡಬಾರದು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ಮುಳಬಾಗಿಲು ತಾಲ್ಲೂಕಿನ ನಂಗಲಿಗೆ ಈಚೆಗಿನ ಹಳ್ಳಿಯವನು. ಹೆದ್ದಾರಿಯಲ್ಲಿ ನಂಗಲಿ ದಾಟಿದರೆ ಆಂಧ್ರ, ಮುಂದೆ ಪಲಮನೇರು. ನಮ್ಮ ಅಕ್ಕನನ್ನು ಪಲಮನೇರಿಗೆ ಕೊಟ್ಟಿದ್ದೇವೆ. ನನ್ನ ಹೆಂಡತಿಯ ತವರು ಆಂಧ್ರದ ಕುಪ್ಪಂ ಪಕ್ಕದ ಹಳ್ಳಿ. ಮನೆಯೊಳಗೆ ಕನ್ನಡ, ಹೊಲದಲ್ಲಿ ತೆಲುಗು, ಜಗಳಕ್ಕೆ ಎರಡೂ. ಯುಗಾದಿಯ ಮರುದಿನ ನಮ್ಮ ಬಾಗಿಲ ಮುಂದೆ ನಾಲ್ಕು ಗಾಡಿ ನಿಂತರೆ ಎರಡು ಕೋಲಾರದ ಕೆಎ 07, ಎರಡು ಎಪಿ. ವಡ್ಡಹಳ್ಳಿಯ ಟೊಮೆಟೊ ಮಾರುಕಟ್ಟೆಗೆ ಆಂಧ್ರದ ಕಡೆಯ ರೈತರೂ ಬರುತ್ತಾರೆ. ಮದನಪಲ್ಲಿಯಲ್ಲಿ ದರ ಚೆನ್ನಾಗಿದೆ ಎಂದು ತಿಳಿದರೆ ನಮ್ಮವರು ಅಲ್ಲಿಗೆ ಹೊರಡುತ್ತಾರೆ. ಕೋಲಾರದ ಟಮಕದ ದೊಡ್ಡಾಸ್ಪತ್ರೆಗೆ ಆಚೆಯ ರೋಗಿಗಳು, ಕುರುಡುಮಲೆಯ ಗಣೇಶನಿಗೆ ಮೂರು ರಾಜ್ಯದ ಭಕ್ತರು. ನೀವು ರಸ್ತೆಯಲ್ಲಿ ಕಾಣುವ ಆ ನಂಬರುಗಳಲ್ಲಿ ಹೆಚ್ಚಿನವು ಇಂಥವರವು. ಗೌರಿಬಿದನೂರಿಗೆ ಹೋದರೆ ಹಿಂದೂಪುರದ ಗಾಡಿಗಳನ್ನೂ, ಪಾವಗಡಕ್ಕೆ ಹೋದರೆ ಸುತ್ತಲಿನ ಆಂಧ್ರದ ಊರುಗಳ ಗಾಡಿಗಳನ್ನೂ ಹೀಗೆಯೇ ನೋಡುತ್ತೀರಿ. ಮೊದಲೆಲ್ಲ ಎಪಿ 03 ಎಂದರೆ ಚಿತ್ತೂರು, ಎಪಿ 02 ಎಂದರೆ ಅನಂತಪುರ ಎಂದು ನಂಬರು ನೋಡಿಯೇ ಗುರುತು ಹಿಡಿಯುತ್ತಿದ್ದೆವು. 2019ರಲ್ಲಿ ಆಂಧ್ರ ಇಡೀ ರಾಜ್ಯಕ್ಕೆ ಎಪಿ 39 ಎಂಬ ಒಂದೇ ಸಂಕೇತ ತಂದ ಮೇಲೆ ಹೊಸ ಗಾಡಿ ಯಾವ ಊರಿನದೆಂದು ತಿಳಿಯುವುದಿಲ್ಲ. ನನಗೆ ಅದು ನಿಜಕ್ಕೂ ಬೇಸರದ ಸಂಗತಿ. ದಾರಿಯಲ್ಲಿ ಕೆಟ್ಟು ನಿಂತ ಗಾಡಿಯ ನಂಬರು ನೋಡಿ, ಓ ನಮ್ಮ ಅಕ್ಕನ ಊರ ಕಡೆಯವರು ಎಂದು ಇಳಿದು ಮಾತನಾಡಿಸುತ್ತಿದ್ದೆವು.

ಇನ್ನು ಹಣದ ವಿಚಾರ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಾಹನಗಳ ಮೇಲಿನ ತೆರಿಗೆ ರಾಜ್ಯಪಟ್ಟಿಯ 57ನೆಯ ನಮೂದು. ರಾಜ್ಯಕ್ಕೊಂದು ದರ ಇರುವುದು ಅದರಿಂದಲೇ. ನೋಂದಣಿ ಶುಲ್ಕ ಕೇಂದ್ರದ ನಿಯಮದ್ದು, ಎಲ್ಲೆಡೆ ಒಂದೇ: ಬೈಕಿಗೆ 300 ರೂಪಾಯಿ, ಸ್ವಂತ ಬಳಕೆಯ ಕಾರಿಗೆ 600. ಜಿಎಸ್‌ಟಿಯೂ ಒಂದೇ, ಮೂರನೆಯವರ ವಿಮೆಯ ದರವೂ ಒಂದೇ. ಆನ್‌ರೋಡ್ ಬೆಲೆ ಗಡಿ ದಾಟಿದೊಡನೆ ಬದಲಾಗುವುದು ಮುಖ್ಯವಾಗಿ ಜೀವಾವಧಿ ತೆರಿಗೆಯಿಂದ, ಅಂದರೆ ಗಾಡಿ ನೋಂದಾಯಿಸುವಾಗ ಒಮ್ಮೆಗೇ ಕಟ್ಟುವ ರಾಜ್ಯದ ತೆರಿಗೆಯಿಂದ.

ಕರ್ನಾಟಕದಲ್ಲಿ ಕಾರಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಹೀಗೆ ಬಂದ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. 2025ರಿಂದ ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದು ಕಾರಿಗೆ 1,000, ಬೈಕಿಗೆ 500 ರೂಪಾಯಿ ಬೇರೆ ಸೇರಿದೆ. ಆ ಸಣ್ಣ ಮೊತ್ತವನ್ನು ಕೆಳಗಿನ ಲೆಕ್ಕದಲ್ಲಿ ಬಿಟ್ಟಿದ್ದೇನೆ. ಆಂಧ್ರ 2021ರ ಕೊನೆಗೆ ಮಾಡಿದ ತಿದ್ದುಪಡಿಯಲ್ಲಿ ಕಾರುಗಳಿಗೆ ಇದೇ 13, 14, 17, 18ರ ಮೆಟ್ಟಿಲುಗಳನ್ನು ಇಟ್ಟುಕೊಂಡಿತು. ತಮಿಳುನಾಡಿನದು ಅದೇ ಬೆಲೆಯ ಹಂತಗಳಿಗೆ 12, 13, 18, 20.

8 ಲಕ್ಷದ ಕಾರು ಹಿಡಿಯಿರಿ. ಇಲ್ಲಿ ತೆರಿಗೆ 1,12,000, ಸೆಸ್ 12,320, ಒಟ್ಟು 1,24,320. ಪಲಮನೇರಿನಲ್ಲಿ ಆ ತಿದ್ದುಪಡಿಯ ದರದಂತೆ ಬರೀ ತೆರಿಗೆಯೇ 1,12,000. ಹೊಸೂರಿನಲ್ಲಿ 1,04,000. ಇಪ್ಪತ್ತು ಸಾವಿರ ಉಳಿಯಿತು ಎನ್ನುತ್ತೀರಿ. ಸರಿ, 12 ಲಕ್ಷದ ಕಾರು ನೋಡಿ: ಇಲ್ಲಿ 2,26,440, ಹೊಸೂರಿನಲ್ಲಿ 2,16,000. ಅಂತರ ಹತ್ತು ಸಾವಿರಕ್ಕೆ ಇಳಿಯಿತು. 25 ಲಕ್ಷಕ್ಕೆ ಹೋದರೆ ಇಲ್ಲಿ 4,99,500, ಅಲ್ಲಿ 5,00,000. ಅಲ್ಲಿಯೇ ಐನೂರು ರೂಪಾಯಿ ಜಾಸ್ತಿ!

ಹಾಗಾದರೆ ಹೊಸೂರಿನಲ್ಲಿ ಅಗ್ಗ ಎಂಬ ಮಾತು ಸುಳ್ಳೇ? ಸುಳ್ಳಲ್ಲ, ಹಳೆಯದು. 2023ರ ನವೆಂಬರ್‌ವರೆಗೆ ತಮಿಳುನಾಡಿನಲ್ಲಿ 10 ಲಕ್ಷದವರೆಗಿನ ಕಾರಿಗೆ ಶೇ 10, ಅದರ ಮೇಲೆ ಶೇ 15 ಇತ್ತು. ಆಗ ಅದೇ 8 ಲಕ್ಷದ ಕಾರಿಗೆ ಅಲ್ಲಿ 80,000 ಸಾಕಾಗಿತ್ತು. ಆ ಲೆಕ್ಕ ಮಾಲೂರು, ಬಂಗಾರಪೇಟೆಯ ಚಹಾ ಅಂಗಡಿಗಳಲ್ಲಿ ಇಂದಿಗೂ ಓಡುತ್ತಿದೆ. ದರ ಬದಲಾದರೂ ಮಾತು ಬದಲಾಗಲಿಲ್ಲ.

ನಿಜವಾದ ಅಂತರ ಇರುವುದು ಬೈಕಿನಲ್ಲಿ, ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಕರ್ನಾಟಕದಲ್ಲಿ ದ್ವಿಚಕ್ರ ವಾಹನಕ್ಕೆ 50,000ದವರೆಗೆ ಶೇ 10, ಒಂದು ಲಕ್ಷದವರೆಗೆ ಶೇ 12, ಒಂದು ಲಕ್ಷ ದಾಟಿದರೆ ಒಮ್ಮೆಗೇ ಶೇ 18. 1,20,000ದ ಬೈಕಿಗೆ ಸೆಸ್ ಸೇರಿ 23,976 ರೂಪಾಯಿ ಕಟ್ಟಬೇಕು. ತಮಿಳುನಾಡಿನಲ್ಲೂ ಆಂಧ್ರದಲ್ಲೂ ಅದೇ ಬೈಕಿಗೆ ಶೇ 12ರ ಲೆಕ್ಕದಲ್ಲಿ 14,400. ಬೆಲೆ 99,000 ಇದ್ದದ್ದು 1,01,000 ಆದರೆ, ಆ ಎರಡು ಸಾವಿರಕ್ಕೆ ನಮ್ಮಲ್ಲಿ ತೆರಿಗೆ ಸುಮಾರು ಏಳು ಸಾವಿರ ಏರುತ್ತದೆ. ಲಕ್ಷದ ಬೈಕು ಶೋಕಿಯದಾಗಿದ್ದ ಕಾಲಕ್ಕೆ ಈ ಗೆರೆ ಸರಿಯಿತ್ತು. ಇಂದು ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವನ ಬೈಕು, ಬೆಳಗಿನ ಪಾಳಿಗೆ ನರಸಾಪುರದ ಕಾರ್ಖಾನೆಗೆ ಓಡುವ ಹುಡುಗನ ಬೈಕು ಆ ಗೆರೆಯ ಮೇಲೆಯೇ ಇವೆ. 2025ರ ಸೆಪ್ಟೆಂಬರ್‌ನಲ್ಲಿ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ಕೆಲವು ಗಾಡಿಗಳು ಲಕ್ಷದ ಕೆಳಗೆ ಬಂದವು, ಅವರಿಗೆ ಎರಡು ಕಡೆಯಿಂದ ಉಳಿಯಿತು. ಆದರೂ ಈ ಗೆರೆಯನ್ನು ಸರ್ಕಾರ ಮೇಲಕ್ಕೆ ಸರಿಸಲೇಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಇಪ್ಪತ್ತು ಲಕ್ಷ ದಾಟಿದ ಕಾರಿಗೂ ಡೇರಿಯ ಬೈಕಿಗೂ ಒಂದೇ ಶೇ 18 ಎಂದರೆ ನ್ಯಾಯವೆನ್ನಿಸುವುದಿಲ್ಲ.

ಸರಿ, ಬೈಕನ್ನಾದರೂ ಹೊಸೂರಿನಲ್ಲಿ ಕೊಳ್ಳೋಣ ಎಂದರೆ ಕಾನೂನು ಅಡ್ಡ ಬರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 40ನೆಯ ಕಲಮಿನ ಪ್ರಕಾರ ನಿಮ್ಮ ವಾಸ ಅಥವಾ ವ್ಯವಹಾರ ಎಲ್ಲಿದೆಯೋ, ಗಾಡಿ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೆಯೋ ಆ ರಾಜ್ಯದಲ್ಲೇ ನೋಂದಣಿ. ಶೋರೂಂ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಹೊಸೂರಿನಲ್ಲಿ ಕೊಂಡರೂ ತಾತ್ಕಾಲಿಕ ನೋಂದಣಿಯಲ್ಲಿ ಗಾಡಿ ತಂದು ಕೋಲಾರದಲ್ಲೇ ತೆರಿಗೆ ಕಟ್ಟುತ್ತೀರಿ. ನಮ್ಮ ಕಡೆ ಕೆಲವರು ಹೆಂಡತಿಯ ತವರಿನ ವಿಳಾಸ ಕೊಟ್ಟು ನೋಂದಾಯಿಸಿದ್ದುಂಟು. ನಮ್ಮ ಮಾವನವರೇ ನನಗೆ ಪ್ರೀತಿಯಿಂದ ಹೇಳಿದ್ದರು, ಅಳಿಯಂದಿರೇ, ನಮ್ಮ ವಿಳಾಸದಲ್ಲೇ ಮಾಡಿಸಿಕೊಳ್ಳಿ ಎಂದು. ನಾನು ಒಪ್ಪಲಿಲ್ಲ. ನಾಳೆ ಗಾಡಿಯ ವಿಚಾರವಾಗಿ ನೋಟಿಸು ಬಂದರೆ ಎಪ್ಪತ್ತರ ವಯಸ್ಸಿನ ಅವರ ಬಾಗಿಲಿಗೆ ಬರುತ್ತದೆ.

ಒಂದು ರಾಜ್ಯದ ನೋಂದಣಿ ದೇಶಕ್ಕೆಲ್ಲ ಸಲ್ಲುತ್ತದೆ, ನಿಜ. ಆದರೆ 47ನೆಯ ಕಲಮಿನಂತೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು. ಕರ್ನಾಟಕ 2014ರಲ್ಲಿ ತೆರಿಗೆಯ ಮಟ್ಟಿಗೆ ಈ ಅವಧಿಯನ್ನು 30 ದಿನಕ್ಕೆ ಇಳಿಸಿತ್ತು. ಆಗ ನಮ್ಮ ಭಾವ ಟೊಮೆಟೊ ಸುಗ್ಗಿಯಲ್ಲಿ ನಮ್ಮಲ್ಲೇ ಉಳಿದರೆ, ತಾನು ಎಂದು ಬಂದೆ ಎಂಬುದಕ್ಕೆ ಪುರಾವೆಯಾಗಿ ಟೋಲ್ ಚೀಟಿಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಗಡಿಯ ಜನರಿಗೆ ಅದು ಎಷ್ಟು ದೊಡ್ಡ ನೆಮ್ಮದಿ ಎಂಬುದು ಹಾಸನದಲ್ಲಿ ಕುಳಿತವರಿಗೆ ಅರ್ಥವಾಗುವುದು ಕಷ್ಟ.

ಸೆಕೆಂಡ್ ಹ್ಯಾಂಡ್ ಗಾಡಿಯ ಪಾಠವನ್ನು ನಾನು ಹಣ ಕೊಟ್ಟು ಕಲಿತಿದ್ದೇನೆ. ಕೆಲವು ವರ್ಷದ ಹಿಂದೆ ಕೃಷ್ಣಗಿರಿ ಕಡೆಯ ಕಾರೊಂದು ಅಗ್ಗಕ್ಕೆ ಸಿಕ್ಕಿತೆಂದು ಕೊಂಡೆ. ಮೊದಲು ಆ ಕಡೆಯ ಆರ್‌ಟಿಒದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ತರಬೇಕು, ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ನಂತರ ಇಲ್ಲಿ ಮತ್ತೆ ಜೀವಾವಧಿ ತೆರಿಗೆ. ನಾನು ಕೊಟ್ಟ ಬೆಲೆಯ ಮೇಲೆ ತೆರಿಗೆ ಹಾಕುತ್ತಾರೆಂದು ತಿಳಿದಿದ್ದೆ. ಹಾಗಲ್ಲ: ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ ಲೆಕ್ಕ ಹಾಕಿ, ಗಾಡಿಗೆ ಎಷ್ಟು ವರ್ಷವಾಗಿದೆಯೋ ಅದಕ್ಕೆ ತಕ್ಕಂತೆ ಕಡಿಮೆ ಮಾಡುತ್ತಾರೆ. ಅಗ್ಗಕ್ಕೆ ಸಿಕ್ಕ ಸಂತೋಷ ಅಲ್ಲಿಗೆ ಮುಗಿಯಿತು. ಹಳೆಯ ರಾಜ್ಯದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳುವ ಹಕ್ಕು ಇದೆ. ಆದರೆ ಎರಡು ಕಚೇರಿಗಳ ನಡುವೆ ಐದು ಸಲ ಓಡಾಡಿ, ಕೂಲಿಯ ದಿನಗಳನ್ನು ಕಳೆದುಕೊಂಡು ಕೊನೆಗೆ ಕೈಬಿಟ್ಟೆ. ಹಾಗೆ ಕೈಬಿಟ್ಟವರು ನಮ್ಮ ಹೋಬಳಿಯಲ್ಲಿ ನಾನೊಬ್ಬನೇ ಅಲ್ಲ. ಒಂದೇ ದೇಶದೊಳಗೆ ಹಣ ಒಂದು ಖಜಾನೆಯಿಂದ ಮತ್ತೊಂದಕ್ಕೆ ತಾನಾಗಿ ಹೋಗುವ ವ್ಯವಸ್ಥೆ ಏಕಿಲ್ಲ ಎಂದು ಇಂದಿಗೂ ಕೇಳುತ್ತಿದ್ದೇನೆ.

ತೆರಿಗೆಯ ಪಕ್ಕದಲ್ಲಿ ಪೆಟ್ರೋಲನ್ನೂ ಇಟ್ಟು ನೋಡಿ. ಆಂಧ್ರದಲ್ಲಿ ಇಂಧನದ ಮೇಲಿನ ವ್ಯಾಟ್ ಹೆಚ್ಚು. ಅಕ್ಕನ ಮನೆಯವರು ಇಲ್ಲಿಗೆ ಬಂದರೆ ಹಿಂತಿರುಗುವಾಗ ಗಡಿಯ ಈಚೆಯ ಬಂಕಿನಲ್ಲಿ ಟ್ಯಾಂಕು ತುಂಬಿಸದೆ ಹೋಗುವುದಿಲ್ಲ. ನೋಂದಣಿಗೆ ನಾವು ಹೆಚ್ಚು ಕಟ್ಟುತ್ತೇವೆ, ಓಡಿಸಲು ಅವರು ಹೆಚ್ಚು ಕಟ್ಟುತ್ತಾರೆ. ಭಾವನೂ ನಾನೂ ಹಬ್ಬದ ಊಟದ ನಂತರ ಇದನ್ನೇ ಲೆಕ್ಕ ಹಾಕುತ್ತಾ ಕೂರುತ್ತೇವೆ.

ನಿಮ್ಮ ವಿಚಾರಕ್ಕೆ ಬರೋಣ. ನಿಮ್ಮ ಹಾಸನದ ಕೆಎ 13 ಬೈಕನ್ನೇ ಇಲ್ಲಿಗೆ ತಂದಿದ್ದರೆ ಮತ್ತೆ ತೆರಿಗೆ ಕಟ್ಟಬೇಕಾಗಿಲ್ಲ, ರಾಜ್ಯ ಒಂದೇ. ಆರ್‌ಸಿಯಲ್ಲಿ ವಿಳಾಸ ಬದಲಾಯಿಸಿಕೊಂಡರೆ ಸಾಕು. ಹೊಸ ಬೈಕೇ ಬೇಕೆಂದರೆ ಬಾಡಿಗೆ ಕರಾರು ಪತ್ರ ಹಿಡಿದು ಕೋಲಾರದಲ್ಲೇ ಕೊಳ್ಳಿ, ಒಂದು ಲಕ್ಷದ ಗೆರೆಗೆ ಕೆಳಗಿನ ಮಾದರಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಟಿಎನ್ ನಂಬರಿನ ಹಳೆಯ ಕಾರು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಎಂದರೆ, ಮುಂಗಡ ಕೊಡುವ ಮುನ್ನ ಆ ಕಾರು ಹೊಸದಾಗಿದ್ದಾಗಿನ ಬಿಲ್ಲಿನ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ.